ಬಾಗಿಲು ಹಾಕೋ ಮುಂಚೆ ಕೂಗಬೇಕು

ನಗೋದಾದ್ರೆ ಈಗಲೇ ನಕ್ಕುಬಿಡಿ. ಮಧ್ಯೆ ಬಾಯಿ ಹಾಕಿದ್ರೆ ನಾನು ಎದ್ದು ಹೋಗ್ತೀನಿ. ಇದು ಎಲ್ಲೋ ಯಾರಿಗೋ ಆಗಿದ್ದಲ್ಲ, ನಮ್ಮ ದೊಡ್ಡಮ್ಮನ ಮಗಳಿಗೆ ಆಗಿದ್ದು. ಅಕ್ಕ ಅಂತೀನಿ ನಾನು.

ಅವತ್ತು ರಾತ್ರಿ ಅಕ್ಕ ಪ್ರಯೋಗಶಾಲೆಯಿಂದ ಒಬ್ಬಳೇ ಮನೆಗೆ ಹೊರಟಿದ್ಲು. ದಾರೀಲಿ ಒಂದು ಹಾಳುಬಾವಿ. ರಾಟೆ ಕಿರ್ರ್... ಕಿರ್ರ್... ಅಂತಿತ್ತು. ಇಲ್ಲಪ್ಪ, ಬಾವಿಯಿಂದ ಏನೂ ಎದ್ದು ಬರಲಿಲ್ಲ. ಬಂದಿದ್ರೂ ನೋಡೋ ಸ್ಥಿತೀಲಿ ಅವಳಿರಲಿಲ್ಲ. ಅಳ್ತಾ ಇದ್ಲು.

ಯಾಕೆ ಅಂತೀರಾ? ಅವಳದ್ದೂ ಅವಳ ಗಂಡ, ನಮ್ಮ ಭಾವನದ್ದೂ ಒಂದೇ ಕೆಲಸ. ಪರಮಾಣುವಿನ ನಡುವೆ ಬೀಜ ಇರುತ್ತಲ್ಲ, ನ್ಯೂಕ್ಲಿಯಸ್, ಅದಕ್ಕೆ ನ್ಯೂಟ್ರಾನ್ ತುಂಬ್ತಾ ಹೋದ್ರೆ ಒಂದು ಕಡೆ ಸಾಕು ಅನ್ನುತ್ತೆ. ಆಮೇಲೆ ಇನ್ನೊಂದು ಹಾಕಿದ್ರೂ ನಿಲ್ಲಲ್ಲ, ಚೆಲ್ಲಿಹೋಗುತ್ತೆ. ಆ ಅಂಚಿನಲ್ಲಿರೋ ಬೀಜಗಳು ಹುಟ್ಟಿದ್ದೇ ತಡ, ಕಣ್ಣು ಮಿಟುಕಿಸೋದ್ರೊಳಗೆ ಸತ್ತುಹೋಗ್ತವೆ. ಅಂಥದ್ದೊಂದನ್ನ, ಇರೋಕೇ ಸಾಧ್ಯವಿಲ್ಲ ಅಂತ ಎಲ್ಲರೂ ಅಂದಿದ್ದನ್ನ, ಪ್ರಯೋಗಶಾಲೆಯ ಕಿರಣ ಹಾಯಿಸೋ ದೊಡ್ಡ ಯಂತ್ರದಲ್ಲಿ ಭಾವ ಒಂದೇ ಒಂದು ಸಲ ಕಂಡಿದ್ರು. ಪರದೆ ಮೇಲೆ ಒಂದು ಚುಕ್ಕೆ. ಅದು ಯಂತ್ರವೇ ಎಬ್ಬಿಸಿದ ಸುಳ್ಳು ಚುಕ್ಕೆ ಅಂದ್ರು ದೊಡ್ಡ ವಿಜ್ಞಾನಿಗಳು. ಸುಳ್ಳುಗಾರ ಅಂತಲೂ ಅಂದ್ರು. ಆ ಕೊರಗಲ್ಲೇ ಭಾವ ಹಾಸಿಗೆ ಹಿಡಿದ್ರು, ಹೋಗೇಬಿಟ್ರು. ಅದು ಇನ್ನೊಂದು ಸಲ ಕಂಡ್ರೆ ಅವರ ಮಾತು ಉಳೀತಿತ್ತು. ಅಕ್ಕನಿಗೆ ಸಿಕ್ಕಿದ್ದು ಅದೊಂದು ರಾತ್ರಿ. ಮಾರನೇ ದಿನದಿಂದ ಯಂತ್ರ ಬೇರೆಯವರ ಪಾಲು. ಅದೂ ಸಂಜೆಯೇ ಕೆಟ್ಟು ಕೂತಿತ್ತು, ದರಿದ್ರದ್ದು!

ಬಾವಿ ದಾಟಿದ್ಲು... ಫೋನ್ ಬಂತು. ಯಂತ್ರ ನಡೆಸೋ ಆಪರೇಟರ್. "ಮೇಡಂ, ಸರಿಹೋಯ್ತು. ಓಡಿಬನ್ನಿ."

ಓಡಿದ್ಲು.

ಅಲ್ಲಿ ಒಂದು ಕಟ್ಟುನಿಟ್ಟು ಇದೆ. ಕಿರಣ ಬಿಟ್ಟಾಗ ಆ ಯಂತ್ರ ಇರೋ ಹಾಲ್‌ನಲ್ಲಿ ಮನುಷ್ಯ ಇದ್ದರೆ ಉಳಿಯಲ್ಲ. ಅದಕ್ಕೆ ಬಾಗಿಲು ಹಾಕೋ ಮುಂಚೆ ಒಬ್ಬರು ಒಳಗೆಲ್ಲ ಸುತ್ತಿ, ಹೊಸ್ತಿಲಲ್ಲಿ ನಿಂತು ಕೂಗಬೇಕು. ಉತ್ತರ ಬಂದ್ರೆ ಹಾಕೋ ಹಾಗಿಲ್ಲ. ಅಕ್ಕ ಸುತ್ತಿ ಬಂದ್ಲು. ಪಂಪಿನ ಟಕ್-ಟಕ್-ಟಕ್ ಬಿಟ್ರೆ ಸದ್ದಿಲ್ಲ. ಕೂಗಿದ್ಲು.

"ಒಳಗೆ ಯಾರಾದ್ರೂ ಇದ್ದೀರಾ?"

"ಇದೀನಿ ಕಣೇ."

ಭಾವನ ದನಿ... ಕೊನೆಕೊನೆಗೆ ಆಸ್ಪತ್ರೇಲಿ ಮಾತಾಡ್ತಿದ್ರಲ್ಲ, ಗಂಟಲು ಕಟ್ಟಿಕೊಂಡು, ಹಾಗೇ.

ಮತ್ತೆ ಒಳಗೆ ಓಡಿದ್ಲು. ಅಯಸ್ಕಾಂತಗಳ ಹಿಂದೆ, ಕಾಂಕ್ರೀಟ್ ದಿಮ್ಮಿಗಳ ಸಂದಿ... ನರಪಿಳ್ಳೆ ಇಲ್ಲ. ಹೊಸ್ತಿಲಿಗೆ ಬಂದು ಪಿಸುಗುಟ್ಟಿದ್ಲು. "ರೀ... ಹೊರಗೆ ಬನ್ರೀ. ನಿಮ್ಮ ದಮ್ಮಯ್ಯ."

"ಆಗ್ತಿಲ್ಲ ಕಣೇ."

ಕಂಟ್ರೋಲ್ ರೂಮಿಂದ ಮೈಕಿನಲ್ಲಿ ಆಪರೇಟರ್ ಅವಸರ ಮಾಡಿದ. "ಮೇಡಂ, ಒಳಗೆ ಯಾರೂ ಇಲ್ಲ ತಾನೆ? ಬೆಳಗಾದ್ರೆ ನಿಲ್ಲಿಸಬೇಕು."

ನೀವೇ ಹೇಳಿ, ಏನು ಮಾಡ್ತಿದ್ರಿ? ಇದಾರೆ ಅಂದ್ರೆ ಆ ರಾತ್ರಿ ಹೋಯ್ತು, ಭಾವ ಎಂದೆಂದಿಗೂ ಸುಳ್ಳುಗಾರ. ಇಲ್ಲ ಅಂದ್ರೆ... ಸತ್ತವರಿಗೆ ಇನ್ನೇನಾಗುತ್ತೆ ಅಂತ ನಾವು ಸಲೀಸಾಗಿ ಹೇಳ್ತೀವಿ. ಆ ದನಿ ಕೇಳಿದೋಳು ಅವಳು.

"ಯಾರೂ ಇಲ್ಲ," ಅಂದ್ಲು.

ಬಾಗಿಲು ಗರ್ರ್ರ್... ಅಂತ ಜಾರಿ, ಧಡ್ ಅಂತ ಕೂತಿತು.

ರಾತ್ರಿಯೆಲ್ಲ ಪರದೆ ಖಾಲಿ. ಇನ್ನೇನು ಬೆಳಕು ಹರೀಬೇಕು ಅನ್ನೋವಾಗ ಟಿಕ್... ಒಂದು ಚುಕ್ಕೆ. ಭಾವ ತೋರಿಸಿದ್ದ ಜಾಗದಲ್ಲೇ, ಕೂದಲೆಳೆ ವ್ಯತ್ಯಾಸ ಇಲ್ಲ. ಟಿಕ್... ಇನ್ನೊಂದು. ಆಪರೇಟರ್ ಎದ್ದು ಕುಣಿದುಬಿಟ್ಟ. ಅಕ್ಕ ಮೊಣಕಾಲಿಗೆ ಮುಖ ಹುದುಗಿಸಿ ಕೂತಿದ್ಲು.

ಆಮೇಲೆ ಆ ದೊಡ್ಡವರೆಲ್ಲ ಒಪ್ಪಿದ್ರು. ಭಾವನ ಮಾತು ಉಳೀತು. ಅಕ್ಕನದ್ದು ಮಾತ್ರ ಇವತ್ತಿಗೂ ಒಂದೇ ಗೋಳು. "ಅವರು ಒಳಗಿದ್ರು ಕಣೋ. ನಾನು ಬಾಗಿಲು ಹಾಕಿಬಿಟ್ಟೆ." ಅವಳಿಗೆ ತಲೆ ಕೆಟ್ಟಿದೆ ಅಂತಾರೆ ಜನ. ಅಂದೋರ ಬಾಯಿಗೆ ಮಣ್ಣು ಬೀಳ!

ಬೆಳಿಗ್ಗೆ ಬಾಗಿಲು ತೆಗೆದು ಮೊದಲು ಒಳಗೆ ಹೋದೋನು ಆಪರೇಟರ್. ಅವನ ಬಾಯಿಂದಲೇ ಕೇಳಿದ್ದು ನಾನು. ಕುಡಿಯೋನಲ್ಲ, ಕತೆ ಕಟ್ಟೋನೂ ಅಲ್ಲ. ಆ ಹಾಲ್‌ನ ಗೋಡೆಯುದ್ದಕ್ಕೂ ಕೆಂಪು ಗುಂಡಿಗಳಿವೆ. ಯಾರಾದ್ರೂ ಒಳಗೆ ಸಿಕ್ಕಿಹಾಕಿಕೊಂಡ್ರೆ ಒತ್ತಲಿ ಅಂತ. ಒಂದು ಒತ್ತಿದ್ರೂ ಯಂತ್ರ ನಿಲ್ಲಬೇಕು, ಕೈಯಾರೆ ತಿರುಗಿಸಿ ಎಳೆಯೋ ತನಕ ಗುಂಡಿ ಒಳಗೇ ಕೂತಿರುತ್ತೆ. ಆ ರಾತ್ರಿ ಅದು ಒಂದು ಕ್ಷಣವೂ ನಿಂತಿರಲಿಲ್ಲ. ಆದ್ರೆ ಆ ಕೊನೇ ಮೂಲೆಯಿಂದ ಹಿಡಿದು ಬಾಗಿಲ ತನಕ... ಒಂದೂ ಬಿಡದೆ... ಎಲ್ಲ ಗುಂಡಿಗಳೂ ಒತ್ತಿಕೊಂಡೇ ಇದ್ವು. ನಿಜ ಕಣ್ರೀ. ಒಂದೊಂದನ್ನೂ ತಿರುಗಿಸಿ ಈಚೆಗೆ ಎಳೆದೋನು ಅವನೇ.