ಫೋಟೋದಲ್ಲಿ ಕಂಡ ಹೆಸರು

ತಿಪಟೂರಿನ ಬಸ್ ನಿಲ್ದಾಣದಲ್ಲಿ ಕೊಬ್ಬರಿ ವ್ಯಾಪಾರಿ ಶಂಭುಲಿಂಗಯ್ಯನವರು ತುರುವೇಕೆರೆ ಬಸ್ಸಿಗೆ ಕಾದು ಕೂತಿದ್ದರು. ಪಕ್ಕದ ಕಲ್ಲುಬೆಂಚಿನ ಮೇಲೆ ಗುಜರಿ ಕೆಲಸದ ಅತ್ತೆ ಸೊಸೆ ಒಂದೇ ಮೊಬೈಲಿಗೆ ತಲೆ ಬಗ್ಗಿಸಿದ್ದರು.

“ನೋಡತ್ತೆ, ನಮ್ಮ ಗುಜರಿ ಫೋಟೋ. ಬೆಂಗಳೂರಲ್ಲಿ ಗೋಡೆಯಷ್ಟು ದೊಡ್ಡದು ಮಾಡಿ ಎಕ್ಸಿಬಿಷನ್‌ಗೆ ಇಟ್ಟವ್ರಂತೆ.”

“ಆವತ್ತು ಫೋಟೋ ತೆಗೆಯೋ ಮೇಡಂ ಬತ್ತಾರೆ ಅಂತ ನಾನು ಗುಡಿಸಿ, ನೀರು ಚಿಮುಕಿಸಿ, ರಂಗೋಲಿ ಬುಟ್ಟಿದ್ದೆ ಕಣೇ. ಟಿವಿ, ಕಂಪ್ಯೂಟ್ರು ಎಲ್ಲಾ ಒರೆಸಿ ಸಾಲಾಗಿ ಜೋಡ್ಸಿದ್ದೆ.”

“ಅವರು ಮೊದಲಿನಂಗೇ ಹರಡಿ ಅಂದ್ರಲ್ಲ.”

“ಹರಡಿದೆ. ದಿನಾ ತಾಮ್ರಕ್ಕೆ ಸುಡೋ ಹಂಗೇ ವೈರು ಸುಡಿ ಅಂದ್ರು. ಕಾಯಿಮಟ್ಟೆ ಹಾಕಿ ಸುಟ್ಟೆ.” ಅತ್ತೆ ಸ್ವಲ್ಪ ಹೊತ್ತು ಕೆಮ್ಮಿದಳು. “ನನ್ ಮುಖ ಎಲ್ಲೈತೆ?”

“ಹೊಗೆ ಹಿಂದೆ ಐತೆ. ಕಾಣಕಿಲ್ಲ.”

“ಮುಂದೆ ಫಳಫಳ ಅಂತೈತಲ್ಲ, ಅದೇನು?”

“ಯಾವುದೋ ಅಂಗಡಿಯ ಹಳೇ ತೂಕದ ಮಿಷನ್ನು. ನೀನು ಒರೆಸಿದ್ದೆಯಲ್ಲ, ಅದಕ್ಕೇ ಹೆಸರು ಚೆನ್ನಾಗಿ ಬಿದ್ದೈತೆ.”

“ಏನಂತ ಬರೆದೈತೆ?”

“ಶಂಭುಲಿಂಗಯ್ಯ ಕೊಬ್ಬರಿ ಮಂಡಿ, ತಿಪಟೂರು.”

ಶಂಭುಲಿಂಗಯ್ಯನವರು ಹೆಗಲ ಮೇಲಿನ ಟವೆಲ್ಲು ತೆಗೆದು ಮಡಿಲಲ್ಲಿ ಮಡಚಿಟ್ಟುಕೊಂಡರು.

“ಯಾರೋ ಏನೋ. ಅವರ ಹೆಸರಾದ್ರೂ ಬಂತಲ್ಲ, ಬುಡು,” ಎಂದಳು ಅತ್ತೆ.

ತುರುವೇಕೆರೆ ಬಸ್ಸು ಬಂದು ನಿಂತಿತು. ಸೊಸೆ ಕೈಹಿಡಿದು ಅತ್ತೆಯನ್ನು ಹತ್ತಿಸಿದಳು. ಕಂಡಕ್ಟರು ಎರಡು ಸಲ ಊರಿನ ಹೆಸರು ಕೂಗಿದ. ಶಂಭುಲಿಂಗಯ್ಯನವರು ಏಳಲಿಲ್ಲ.