ರಸ್ತೆಯಾಚೆಯ ಗ್ಯಾರೇಜು

ಹಲೋ... ಹಲೋ, ಯಾರು ಮಾತಾಡ್ತಿರೋದು? ಮನೆ ಕಂದಾಯದ ಆಫೀಸೇ ತಾನೆ? ಅಬ್ಬಾ, ಸದ್ಯ! ಮಧ್ಯಾಹ್ನದಿಂದ ಆರನೇ ಸಲ ಮಾಡ್ತಿದೀನಿ. ಇಡಬೇಡಿ ಸಾರ್, ಕೈ ಮುಗೀತೀನಿ.

...

ಹೌದು, ನೋಟಿಸಿನ ವಿಷಯಾನೇ. ಮೂರು ಗಂಟೆಗೆ ಬಂದು ಬೀಗ ಜಡೀತೀವಿ ಅಂತ ಬಾಗಿಲಿಗೆ ಅಂಟಿಸಿದೀರಿ. ಈಗಲೇ ಎರಡೂಮುಕ್ಕಾಲು.

...

ಮನೆಗಲ್ಲ, ಗ್ಯಾರೇಜಿಗೆ. ಮನೆ ರಸ್ತೆಯ ಈ ಕಡೆ, ಗ್ಯಾರೇಜು ಆ ಕಡೆ. ಮನೆ ಮುಂದೆ ಕಾರು ನಿಲ್ಲೋಷ್ಟು ಜಾಗ ಇಲ್ಲ ಅಂತ ನಮ್ಮ ಮಾವ ಎದುರಿನ ತುಂಡು ಜಾಗ ಕೊಂಡು ಕಟ್ಟಿಸಿದ್ದು. ಮನೆ ಕಂದಾಯ ಒಂದು ವರ್ಷಾನೂ ತಪ್ಪಿಸಿಲ್ಲ. ಗ್ಯಾರೇಜು ಬೇರೆ ಜಾಗದಲ್ಲಿದ್ರೆ ಅದಕ್ಕೂ ಬೇರೆ ಕಟ್ಟಬೇಕಾ ಸಾರ್?

...

ಹಾಂ? ಸ್ವಂತ ಕಾರು ನಿಲ್ಲಿಸೋಕೆ ಮಾತ್ರ ಆದ್ರೆ ಬೇಡ್ವಾ? ಮನೆ ಜೊತೆಗೇ ಬರುತ್ತಾ? ಮತ್ತೆ! ಒಳಗಿರೋದು ನಮ್ಮದೇ ಕಾರು. ಓಡಲ್ಲ, ಆ ಮಾತು ಬೇರೆ.

...

ವರ್ಕ್‌ಶಾಪ್ ಅಂತ ಬೋರ್ಡು... ಇದೆ. ಇದೆ ಸಾರ್. ಆದ್ರೆ ಅದು ವರ್ಕ್‌ಶಾಪ್ ಅಲ್ಲ.

...

ನಗಬೇಡಿ, ಹೇಳ್ತೀನಿ ಕೇಳಿ. ಮಾವ ನಲವತ್ತು ವರ್ಷ ಮೆಕ್ಯಾನಿಕ್ ಆಗಿದ್ದವರು. ಈಗ ಮರೆವು. ಇವತ್ತು ಯಾವ ವಾರ ಅಂತ ಗೊತ್ತಾಗಲ್ಲ, ಒಂದೊಂದು ದಿನ ನಾನು ಯಾರು ಅಂತಾನೂ ಗೊತ್ತಾಗಲ್ಲ. ಮನೇಲಿ ಕೂಡಿ ಹಾಕಿದ್ರೆ, ಕೆಲಸಕ್ಕೆ ಹೊತ್ತಾಯ್ತು, ಬಿಡು ಅಂತ ಬಾಗಿಲು ಬಡಿದೂ ಬಡಿದೂ ಕೈಯೆಲ್ಲ ರಕ್ತ ಮಾಡ್ಕೊಳ್ತಿದ್ರು. ಎರಡು ಸಲ ಹೆದ್ದಾರಿ ಮಧ್ಯದಿಂದ ಕರ್ಕೊಂಡು ಬಂದಿದೀವಿ. ಕೊನೆಗೆ ನಾನೇ ಹಲಗೆಗೆ ಬಣ್ಣ ಬಳಿದು ಬೋರ್ಡು ಹಾಕಿದೆ. ಅವತ್ತಿಂದ ಬೆಳಿಗ್ಗೆ ಬುತ್ತಿ ತಗೊಂಡು ರಸ್ತೆ ದಾಟ್ತಾರೆ, ಸಂಜೆ ವಾಪಸ್ ಬರ್ತಾರೆ. ಅಷ್ಟೇ. ಆ ಬಾಗಿಲಿಗೆ ಬೀಗ ಬಿದ್ರೆ ಮತ್ತೆ ಹೆದ್ದಾರೀನೇ ಗತಿ ಸಾರ್.

...

ಗಿರಾಕಿಗಳಾ? ಅಯ್ಯೋ, ಅವರು ಅಕ್ಕಪಕ್ಕದವರು! ಚೆನ್ನಾಗಿ ತಿರುಗೋ ಫ್ಯಾನು ತಂದು, ಕೆಟ್ಟಿದೆ ಮೇಸ್ತ್ರೀ ಅಂತ ಕೊಟ್ಟು ಹೋಗ್ತಾರೆ. ಮಾವ ಬಿಚ್ಚಿ ಹಾಕ್ತಾರೆ. ಆಮೇಲೆ ಅದು ನಿಜವಾಗ್ಲೂ ಕೆಟ್ಟಿರುತ್ತೆ. ಪಾಪ, ಯಾರೂ ತುಟಿ ಪಿಟಕ್ ಅನ್ನಲ್ಲ.

...

ಗೊತ್ತು, ಗೊತ್ತು. ನಿಮ್ಮ ಇನ್‌ಸ್ಪೆಕ್ಟರು ಅಳತೆಗೆ ಬಂದಾಗ ಮಾವ ಅವರ ಬೈಕಿನ ಚೈನು ಬಿಗಿ ಮಾಡಿ ದುಡ್ಡು ಕೇಳಿದ್ರಂತೆ. ಅವರು ಹಿಂದೆ ಮುಂದೆ ವಿಚಾರಿಸದೆ ವ್ಯಾಪಾರದ ಕಟ್ಟಡ ಅಂತ ಬರ್ಕೊಂಡು ಹೋದ್ರು. ಎತ್ತು ಈಯ್ತು ಅಂದ್ರೆ ಕೊಟ್ಟಿಗೇಲಿ ಕಟ್ಟು ಅಂದ್ರಂತೆ, ಹಾಗಾಯ್ತು!

...

ಮೊದಲಿನ ಎರಡು ನೋಟಿಸಿಗೆ ಉತ್ತರ ಯಾಕೆ ಕೊಡ್ಲಿಲ್ಲ ಅಂದ್ರೆ... ಅವನ್ನ ಗ್ಯಾರೇಜಿನ ಬಾಗಿಲ ಸಂದೀಲಿ ತೂರಿಸಿ ಹೋಗಿದಾರೆ. ಮಾವ ಗಿರಾಕಿ ಚೀಟಿ ಅಂದ್ಕೊಂಡು ಮೊಳೆಗೆ ಚುಚ್ಚಿಟ್ಟಿದಾರೆ. ನಾನು ನೋಡಿದ್ದೇ ಇವತ್ತು. ಎರಡರ ಮೇಲೂ ಪೆನ್ಸಿಲ್‌ನಲ್ಲಿ ಬರೆದಿದಾರೆ, ಬ್ರೇಕ್ ಸರಿ ಮಾಡಿದೆ ಅಂತ.

...

ನಮ್ಮನೆಯವರಾ? ಲಾರಿ ಮೇಲೆ ಹೋಗಿದಾರೆ. ಫೋನೇ ಸಿಗ್ತಿಲ್ಲ.

...

ಜಾಗದ ಯಜಮಾನರೇ ಹೇಳ್ಬೇಕಾ? ಇಲ್ಲಿ ಯಾವ ಕೆಲಸಾನೂ ನಡೆಯಲ್ಲ ಅಂತ? ಅವರ ಬಾಯಿಂದಲೇ? ಅದೊಂದು ಬೇಡ ಸಾರ್, ಬೇರೆ ಏನಾದ್ರೂ... ಆಯ್ತು. ಆಯ್ತು, ರಸ್ತೆ ದಾಟ್ತಿದೀನಿ, ಇಡಬೇಡಿ... ಮಾವ, ಫೋನು. ಆಫೀಸಿನವರು. ಅವರು ಏನು ಕೇಳಿದ್ರೂ ಇಲ್ಲ ಅಂದ್ಬಿಡಿ ಮಾವ, ಸಾಕು.

...

ಹಲೋ, ಯಾರ್ರೀ ಅದು? ಹಾಂ, ವರ್ಕ್‌ಶಾಪೇ... ಕೆಲಸ ನಡೆಯಲ್ಲ ಅಂತ ಯಾರ್ರೀ ಹೇಳಿದ್ದು? ಉಸಿರಾಡೋಕೆ ಪುರುಸೊತ್ತಿಲ್ಲ ನನಗೆ!... ದುಡ್ಡು ತಗೊಳ್ದೆ ಯಾರಾದ್ರೂ ದುಡೀತಾರೇನ್ರೀ? ದಿನಾ ಸಂಜೆ ಸೊಸೆ ಕೈಗೆ ಕೊಡ್ತೀನಿ. ಇಲ್ಲೇ ನಿಂತಿದಾಳೆ ನೋಡಿ. ಮನೆ ನಡೀತಿರೋದೇ ಅದ್ರಲ್ಲಿ... ಮೂರು ಗಂಟೆಗಾ? ಬನ್ನಿ, ಬನ್ನಿ, ಎಲ್ಲಿ ಹೋಗ್ತೀನಿ, ಇಲ್ಲೇ ಇರ್ತೀನಿ.

...

ಕೊಡಿ ಮಾವ ಇಲ್ಲಿ! ಸಾರ್, ಆ ದುಡ್ಡು... ಜೋರಾಗಿ ಹೇಳೋ ಹಾಗಿಲ್ಲ ಸಾರ್. ಎದುರಿಗೇ ಇದಾರೆ.

...

ಕೇಳಿಸ್ತಿಲ್ವಾ? ಹೊರಗೆ ಹೋದ್ರೆ ಅವರೂ ಹಿಂದೇನೇ ಬರ್ತಾರೆ. ಅಯ್ಯೋ ದೇವರೇ, ತಿರುವಿನಲ್ಲಿ ನಿಮ್ಮ ಜೀಪು ಬಂತಲ್ಲ!

...

ಇಡ್ತೀರಾ? ಬೇಡ, ಬೇಡ, ಹೇಳ್ತೀನಿ! ಅದೇ ನೋಟು ಸಾರ್! ಒಂದೇ ನೋಟು! ಬೆಳಿಗ್ಗೆ ನಾನು ಅಕ್ಕಪಕ್ಕದವರ ಕೈಗೆ ಕೊಡ್ತೀನಿ, ಅವರು ಮಾವನಿಗೆ ಕೊಡ್ತಾರೆ, ಸಂಜೆ ಮಾವ ತಂದು ನನಗೆ ಕೊಡ್ತಾರೆ. ಮೂಲೆ ಹರಿದು ಟೇಪು ಹಚ್ಚಿದೀನಿ. ಎರಡು ವರ್ಷದಿಂದ ಅದೇ ನೋಟು! ಇದು ವರ್ಕ್‌ಶಾಪೂ ಅಲ್ಲ, ಮಣ್ಣೂ ಅಲ್ಲ. ಇವರಿಗೆ ಯಾವ ಕೆಲಸಾನೂ ಇಲ್ಲ, ಎಲ್ಲಾ ನಾಟಕ, ನಾನೇ ಕಟ್ಟಿದ ನಾಟಕ! ಈಗ ಕೇಳಿಸ್ತಾ ಸಾರ್?

...

ಹಲೋ?... ಸಾರ್?... ಹಲೋ, ಲೈನಲ್ಲಿದೀರಾ?

...

ಮಾವ... ಸ್ಪ್ಯಾನರ್ ಯಾಕೆ ಕೆಳಗಿಟ್ರಿ? ನಿಮಗಲ್ಲ ಮಾವ, ನಾನು ಫೋನಿಗೆ ಹೇಳಿದ್ದು...