ಬೈಗುಳ ಎಲ್ಲರಿಗೆ, ಕ್ಷಮೆ ಒಬ್ಬಳಿಗೆ

ಒಂದೂರಲ್ಲಿ ಒಬ್ಬ ಶ್ರೀಮಂತನಿದ್ದ. ಎಂಥ ಶ್ರೀಮಂತ? ಉಪ್ಪಿನಕಾಯಿ ಶ್ರೀಮಂತ! ನಗಬೇಡಿ. ಮಾವು, ನಿಂಬೆ, ಹೇರಳೆಕಾಯಿಗಳನ್ನೇ ನಂಬಿ ಮೇಲೆ ಬಂದವನು. ವ್ಯಾಪಾರ ಅವನದು, ಕೈರುಚಿ ಅವನ ತಂಗಿಯದು. ಹಿಂದುಗಡೆಯ ಅಡುಗೆಮನೆಯಲ್ಲಿ ಅವಳು ದಿನಾ ಬಂದು ಖಾರ ಕಲಸುವಳು; ಮುಂದಿನ ಕೋಣೆಯಲ್ಲಿ ಇವನು ಕಂಪ್ಯೂಟರಿನೆದುರು ಕೂರುವನು. ನಡುವೆ ಒಂದು ಅಂಗಳ, ಅಷ್ಟೆ. ಈ ಅಂಗಳವನ್ನು ನೆನಪಿಟ್ಟುಕೊಳ್ಳಿ.

ಇಮೇಲ್ ಬಂದಮೇಲೆ ಅವನ ಕಷ್ಟ ಎಷ್ಟೋ ಕರಗಿತು. ಮೊದಲು ಪುಣೆಯ ಅಂಗಡಿಯವನೊಂದಿಗೆ ಫೋನಿನಲ್ಲಿ ಕೂಗಿ ಕೂಗಿ ಗಂಟಲು ಕಟ್ಟುತ್ತಿತ್ತು. ‘ನಿಂಬೆ ಕೇಳಿದರೆ ಮಾವು ಕಳಿಸಿದ್ದೀರಿ’ ಎಂಬ ಜಗಳ ಬೇರೆ. ಈಗ? ಕೇಳಿದ್ದೇನು, ಕಳಿಸಿದ್ದೇನು, ಎಲ್ಲವೂ ಬರಹದಲ್ಲಿ. ಅವನು ಮಲಗಿದ್ದಾಗಲೂ ದುಬೈಯ ಆರ್ಡರು ಬಂದು ಕಾದು ಕೂತಿರುತ್ತಿತ್ತು. ಇನ್ನೊಂದು ಮಾತು. ನಾಲ್ಕು ಜನರೆದುರು ನಾಲಿಗೆ ಒಣಗುವ ಸ್ವಭಾವ ಅವನದು. ಯೋಚಿಸಿ, ಅಳಿಸಿ, ತಿದ್ದಿ ಹೇಳಲು ಇಮೇಲ್ ಅವನಿಗೊಂದು ನಾಲಿಗೆಯನ್ನೇ ಕೊಟ್ಟಿತು. ನೋಡಿ, ಒಳ್ಳೆಯದನ್ನು ಒಳ್ಳೆಯದು ಎನ್ನಲೇಬೇಕು.

ಆದರೆ ನಾಲಿಗೆ ಸಿಕ್ಕವನು ಏನು ಮಾಡಿದ? ಅಂಗಳ ದಾಟುವುದನ್ನು ಬಿಟ್ಟ. ತಂಗಿಗೂ ಇಮೇಲ್ ಮಾಡತೊಡಗಿದ!

ಒಂದು ದಿನ ಪುಣೆಯಿಂದ ದೂರು ಬಂತು: ಬಾಟಲಿಗಳಿಗೆಲ್ಲ ಬೂಷ್ಟು ಹಿಡಿದಿದೆ. ಅವನಿಗೆ ಮೈಯೆಲ್ಲ ಉರಿಯಿತು. ‘ಉಪ್ಪು ಹಾಕುವುದೂ ನೆನಪಿರದಿದ್ದರೆ ಒಲೆ ಬಿಟ್ಟು ಮನೆಯಲ್ಲಿ ಕೂರು’ ಎಂದು ತಂಗಿಗೆ ಬರೆದ. ಬರೆದು ಅವಳೊಬ್ಬಳಿಗೇ ಕಳಿಸಿದನೇ? ಇಲ್ಲ. ತನ್ನ ಕಟ್ಟುನಿಟ್ಟು ಎಲ್ಲರೂ ನೋಡಲಿ ಎಂದು ಪುಣೆ, ದುಬೈಯ ಅಂಗಡಿಯವರು, ಕೆಲಸದವರು, ಎಲ್ಲರ ವಿಳಾಸವನ್ನೂ ಸೇರಿಸಿ ಕಳಿಸಿದ.

ತಪ್ಪು ಯಾರದು? ತಂಗಿಯದೇ. ಉಪ್ಪು ಕಡಿಮೆ ಬಿದ್ದಿತ್ತು. ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಆದರೆ ಸಂಜೆ, ಬಾಟಲಿಗೆ ಚೀಟಿ ಅಂಟಿಸುವ ಹೆಂಗಸೊಬ್ಬಳು ಎಲ್ಲರಿಗೂ ಕೇಳುವಂತೆ, “ಅಕ್ಕಾ, ಇವತ್ತು ಉಪ್ಪು ನಾನೇ ಹಾಕ್ಲಾ?” ಎಂದು ಕಿಸಕ್ಕನೆ ನಕ್ಕಳು. ತಂಗಿ ಕೈ ತೊಳೆದುಕೊಂಡು ತನ್ನ ಮನೆಗೆ ಹೋದವಳು ಮತ್ತೆ ಬರಲಿಲ್ಲ.

ಅವನು ಮತ್ತೆ ಕಂಪ್ಯೂಟರಿನೆದುರು ಕೂತ. ತಪ್ಪಾಯಿತೆಂದು ಅವಳಿಗೆ ಇಮೇಲ್ ಮಾಡಿದ. ಉತ್ತರವಿಲ್ಲ. ಮತ್ತೆ ಮಾಡಿದ. ಉತ್ತರವಿಲ್ಲ. ಸ್ಪ್ಯಾಮಿಗೆ ಹೋಗಿರಬೇಕೆಂದು ತನಗೆ ತಾನೇ ಸಮಾಧಾನ ಹೇಳಿಕೊಂಡ.

ಅಷ್ಟರಲ್ಲಿ ನಾಗರ ಪಂಚಮಿ ಬಂತು. ಅಂದು ತಂಗಿ ಅಣ್ಣನನ್ನು ಮಣೆಯ ಮೇಲೆ ಕೂರಿಸಿ ಬೆನ್ನಿಗೆ ಹಾಲೆರೆಯುವ ಶಾಸ್ತ್ರ ನಿಮಗೆ ಗೊತ್ತಲ್ಲ? ಚಿಕ್ಕಂದಿನಿಂದ ಒಂದು ವರ್ಷವೂ ತಪ್ಪಿರಲಿಲ್ಲ. ಈ ಸಲ ಅವಳು ಎರೆಯದಿದ್ದರೆ? ತನಗೆ ಒಡಹುಟ್ಟಿದವಳೇ ಇಲ್ಲದಂತಾಯಿತಲ್ಲ! ಸೀರೆ, ಹಣ್ಣು ಹಿಡಿದುಕೊಂಡು ಅಳುಕುತ್ತಲೇ ಅವಳ ಮನೆಗೆ ಹೋದ.

“ಬಾ ಅಣ್ಣ, ಕೂತ್ಕೋ. ತಂಬಿಟ್ಟು ತಿನ್ನು.”

“ಹಾಲೆಲ್ಲಿದೆಯಮ್ಮ?”

“ಹಾಲಾ? ನೀನು ಮನೆಗ್ಹೋಗು, ಅಟ್ಯಾಚ್ ಮಾಡಿ ಕಳಿಸ್ತೀನಿ.”

ಅವನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. “ತಪ್ಪಾಯ್ತು ಅಂತ ಬರ್ದಿದ್ನಲ್ಲೇ.”

“ಬರ್ದಿದ್ದೆ, ನಂಗೊಬ್ಳಿಗೇ. ಬೈಯೋವಾಗ ಪುಣೆ, ದುಬೈ ಎಲ್ಲಾ ಬೇಕಾಗಿತ್ತು. ಕ್ಷಮೆ ಕೇಳೋವಾಗ ಯಾರೂ ಬೇಡ್ವಾ? ಉಪ್ಪು ಕಮ್ಮಿ ಹಾಕಿದ್ದು ನಾನೇ. ಅಂಗಳ ದಾಟಿ ಬಂದು ಬೈದಿದ್ರೆ ಬಾಯ್ಮುಚ್ಕೊಂಡು ಬೈಸ್ಕೋತಿದ್ದೆ.”

ಅವನು ಫೋನು ತೆಗೆದ. ಆ ಹಳೆಯ ಇಮೇಲನ್ನೇ ಹುಡುಕಿ, ಆ ಎಲ್ಲ ವಿಳಾಸಗಳಿಗೂ ಬರೆದ: ‘ನೀವು ಮೆಚ್ಚುವ ರುಚಿ ನನ್ನ ತಂಗಿಯ ಕೈಯದು. ನಿಮ್ಮೆಲ್ಲರೆದುರು ಅವಳನ್ನು ಅವಮಾನಿಸಿದೆ. ನಿಮ್ಮೆಲ್ಲರೆದುರೇ ಕ್ಷಮೆ ಕೇಳುತ್ತಿದ್ದೇನೆ.’ ಕಳಿಸುವ ಗುಂಡಿ ಒತ್ತಿದ.

ಗೋಡೆಯ ಗೂಡಿನಲ್ಲಿದ್ದ ತಂಗಿಯ ಫೋನು ಟಣ್ ಎಂದಿತು. ಓದಿದಳು. ಮತ್ತೊಮ್ಮೆ ಓದಿದಳು. ಒಳಗೆ ಹೋಗಿ ಹಾಲಿನ ಗಿಂಡಿ ಹಿಡಿದು ಬಂದಳು.

“ಅಂಗಿ ಬಿಚ್ಚು. ಹಾಲು ತಣ್ಣಗಿದೆ, ಆಮೇಲೆ ಹೇಳ್ಲಿಲ್ಲ ಅನ್ಬೇಡ.”

ಈಗ ಹೇಳಿ, ಇಮೇಲ್ ಒಳ್ಳೆಯದೋ ಕೆಟ್ಟದ್ದೋ? ಅವಮಾನವನ್ನು ದುಬೈಗೆ ಮುಟ್ಟಿಸಿದ್ದೂ ಅದೇ, ಕ್ಷಮೆಯನ್ನು ಮುಟ್ಟಿಸಿದ್ದೂ ಅದೇ. ಆದರೆ ಹಾಲೆರೆಯಲು ಅದಕ್ಕೆ ಕೈಯಿಲ್ಲ. ಇಲ್ಲಿ ಕೆಲವರು ಮೆಲ್ಲಗೆ ಜೇಬು ಮುಟ್ಟಿ ನೋಡಿಕೊಂಡಿರಿ. ನನಗೆ ಕಂಡಿತು!

ದೂರದವರಿಗೆ ಬರೆಯಿರಿ. ವ್ಯವಹಾರದ ಮಾತನ್ನು ಬರೆಯಿರಿ. ಬಾಯಲ್ಲಿ ಆಡಲಾಗದ ಪ್ರೀತಿಯಿದ್ದರೆ ಅದನ್ನೂ ಬರೆಯಿರಿ. ಕೋಪದಲ್ಲಿ ಬರೆದದ್ದನ್ನು ಮಾತ್ರ ಕಳಿಸಬೇಡಿ. ಬೆಳಗ್ಗೆ ಎದ್ದು ಓದಿ ನೋಡಿ. ಅಂಗಳ ದಾಟಿದರೆ ಸಿಗುವವರ ಬಳಿಗೆ ನಡೆದೇ ಹೋಗಿ. ಈಗಾಗಲೇ ಹತ್ತು ಜನರೆದುರು ಯಾರನ್ನಾದರೂ ಹೀಗಳೆದು ಬರೆದಿದ್ದೀರಾ? ಹಾಗಾದರೆ ಇವತ್ತೇ ಆ ಹತ್ತೂ ಜನರಿಗೆ ನಿಮ್ಮ ಕ್ಷಮೆ ಮುಟ್ಟಲಿ. ಆಮೇಲೆ ಎದ್ದು ಹೋಗಿ, ನೊಂದವರ ಮುಂದೆ ಬೆನ್ನು ಬಾಗಿಸಿ ಕೂರಿ.

ಹಾಲು ತಣ್ಣಗಿದ್ದೀತು. ಇರಲಿ ಬಿಡಿ.